ನಾಲ್ಕನೇದು

ಕಾರವಾರ ರಸ್ತೆಯ ನನ್ನ ಖೋಲಿಗೆ
ಮೊದಲು ಬಂದದ್ದು ಬ್ಯಾಡಗಿ ಕಾಯಿಯ ಘಾಟು,
ಅದರ ಹಿಂದ ಒಂದು ಸೀನು,
ಅದರ ಹಿಂದ ಸವಣೂರಿನ ದಾವಲಸಾಬ,
ಹಳೇ ಬನಿಯನ್ನಿನ್ಯಾಗ ಕೂಸಿನಂಗ ಸುತ್ತಿದ ಇಂಜೆಕ್ಟರ್ ಹಿಡಕೊಂಡು.

"ನಾಲ್ಕನೇ ಸಿಲಿಂಡರಿಂದು. ಕುಟ್ಟತೈತಿ.
ಏರು ಬಂತಂದ್ರ ಹಿಂದಿನ ಗಾಡಿಯಾಂವಗ ದಾರಿ ಕಾಣೂದಿಲ್ಲ,
ಅಷ್ಟು ಕರಿ ಹೊಗಿ.
ಇಂಥಾದ್ದ ಒಂದು ಕೊಡ್ರಿ. ಹೊರಗ ಲೋಡ್ ನಿಂತೈತಿ."

ಇಂಥಾದ್ದ.
ಮೂವತ್ತೊಂದು ವರ್ಷದಿಂದ ಈ ಮಾತು ಕೇಳಾಕತ್ತೀನಿ.
ಗೂಡಿನ್ಯಾಗ ಇಂಥಾವ ನಾಲ್ವತ್ತು ಅದಾವು,
ಒಂದ ಎತ್ತರ, ಒಂದ ದಪ್ಪ, ಒಂದ ನಮೂನಿ ಬಿಗಿದ ಮಾರಿ,
ಮದವಿ ಫೋಟೋದಾಗಿನ ಬೀಗರಂಗ.
ಒಂದಕ್ಕ ಐದು ತೂತು, ಒಂದಕ್ಕ ಆರು;
ತೂತಂದ್ರ ಸೂಜಿಯ ಮೊನಿಗೂ ಜಾಗ ಕೊಡದ ತೂತು.
ಒಂದು ಇನ್ನೂರಾ ಇಪ್ಪತ್ತು ಒತ್ತಡಕ್ಕ ಬಾಯಿ ಬಿಡತೈತಿ,
ಇನ್ನೊಂದು ಇನ್ನೂರಾ ಐವತ್ತರ ತನಕಾ ತಡಕೊಂತೈತಿ,
ನಮ್ಮವ್ವನಂಗ.

ನಂಬರ್ ಓದಬೇಕು. ನಂಬರ್ ಇರಲಿಲ್ಲ.
ಯಾವನೋ ಪುಣ್ಯಾತ್ಮ ತಂತಿ ಬ್ರಶ್ ಹಿಡದು
ಮಸಿ ಜೋಡಿ ಅದರ ಹೆಸರನ್ನೂ ತಿಕ್ಕಿದ್ದ.

ಜಗಲಿಯ ಮ್ಯಾಲಿನ ವಿಭೂತಿ ಗಟ್ಟಿ ತಗೊಂಡು
ಕಬ್ಬಿಣದ ಹಣಿಗೆ ಎಳದೆ, ಬೆರಳಿಂದ ಒರಸಿದೆ.
ಅಕ್ಷರದ ಗಾಯದಾಗಷ್ಟ ಬೂದಿ ಉಳೀತು.
"ನನ್ನ ಗಾಡಿಗೆ ದೀಕ್ಷಾ ಕೊಟ್ಟರೇನ್ರಿ?" ಅಂತ ನಕ್ಕ ದಾವಲಸಾಬ.
ಮಗಳು ನೀಲಾಂಬಿಕಾ ಭೂತಗನ್ನಡಿ ಹಿಡದಳು;
ನನ್ನ ಕಣ್ಣಿಗೆ ಈಗ ಎಂಟೂ ಮೂರೂ ಒಂದ.
"ನೂರಾ ಐವತ್ತು, ಅಪ್ಪಾ. ಕಡೀಕ... ಮೂರು.
ಅಲ್ಲ. ತಡಿ. ಎಂಟು."

ನೂರಾ ಐವತ್ತಂದ್ರ ಅದು ಚೆಲ್ಲುವ ಕೋನ.
ಕಡೇ ಅಂಕಿ ಅದರ ಮನೆತನ.
ಎಂಟರದೊಂದು ಗೂಡಿನಿಂದ ತಗದೆ. ಪ್ಯಾಕಿಂಗ್ ಹರಿಯೂ ಮುಂಚೆ
ಕೈ ನಿಂತಿತು.

ಸಾಯಾಕತ್ತಿದ್ದನ್ನ ನೋಡಿ ಹೊಸಾದು ಆರಿಸಬ್ಯಾಡ
ಅಂತಿದ್ದ ನನಗ ಪಾನ ಹಿಡಿಯೂದು ಕಲಿಸಿದ ಫಕ್ಕೀರಪ್ಪ,
ಉಳಿದ ಐದನ್ನ ಕೇಳು.

"ದಾವಲಸಾಬ, ಮೂರನೇದು ಬಿಚ್ಚಕೊಂಡು ಬಾ."
"ಅದು ಛಲೋ ಐತಲ್ರಿ!"
"ಅದಕ್ಕ ಬೇಕು."

ಬೈಕೋತ ಹೋದ. ಎರಡು ಚಾ ಆದವು.
ಮೂರನೇದು ಬಂತು, ಬೂದಿ ಹಚ್ಚಿದೆವು.
ಕಡೀಕ ಮೂರು. ಮಾತ ಇಲ್ಲ, ಮೂರು.

ಬೆಂಚಿಗೆ ಏರಿಸಿ ಹಿಡಿಕಿ ಒತ್ತಿದೆ, ಕೆಳಗ ಕಾಗದ.
ಮೂರನೇದು ಆರು ಎಸಳು ಬರೀತು.
ನಾಲ್ಕನೇದು ಐದು. ಐದೂ ಚಂದ, ಐದೂ ನೇರ,
ಒಂದು ಹನಿ ಸೋರಲಿಲ್ಲ.

ಅಂದ್ರ ಕೆಟ್ಟದ್ದು ಕೆಟ್ಟಿರಲೇ ಇಲ್ಲ.
ತನ್ನದಲ್ಲದ ಮನ್ಯಾಗ ಮೂರು ವರ್ಷ
ದಪ್ಪ ಧಾರಿ ಉಗಳಕೋತ, ಎಲ್ಲಾರ ಬೈಗಳ ತಿನ್ಕೋತ
ತನಗ ಬರೂದನ್ನ ಸರಿಯಾಗಿ ಮಾಡಿಕೊಂತ ಇತ್ತು.

ತಿರುವಿ ನೋಡಿದೆ. ನಟ್ಟಿನ ಕೆಳಗ, ಮಸಿಯ ಒಳಗ,
ಹಸಿರು ಬಣ್ಣದ ಒಂದು ಬೊಟ್ಟು.
ಈ ರಸ್ತೆದಾಗ ಹಸಿರು ಇಡಾಂವ ನಾನೊಬ್ಬನ.

ಮಗಳೂ ನೋಡಿದಳು. ಕನ್ನಡಿ ಬೋರಲ ಇಟ್ಟಳು.
ಆ ವರ್ಷ ಈ ಕನ್ನಡಿ ಇರಲಿಲ್ಲ.
ಕಣ್ಣು ಇನ್ನೂ ಗಟ್ಟಿ ಅದಾವಂತ ಊರಿಗೆಲ್ಲಾ ಹೇಳಿಕೊಂತ ಇದ್ದೆ.

ದಾವಲಸಾಬ ಕೇಳಲಿಲ್ಲ. ನಾನ ಹೇಳಿದೆ.
ಅಂವ ಬೆರಳ ಮ್ಯಾಲೆ ಏನೋ ಎಣಿಸಿದ,
ಡೀಸೆಲ್ಲೋ, ಘಾಟೋ, ತಪ್ಪಿದ ಬಾಡಿಗಿಯೋ,
ಏಳರ ತನಕಾ ಬಂದು ಬಿಟ್ಟುಬಿಟ್ಟ.
"ಹೊಸಾದು ಕೊಡ್ರಿ. ಕಾಯಿ ಬಿಸಲಿಗೆ ಐತಿ."

ರೊಕ್ಕದ ಮಾತು ಇಬ್ಬರೂ ಎತ್ತಲಿಲ್ಲ.

ಆರು ತೂತಿನದು ತಗದೆ, ಒತ್ತಡ ಕೂಡಿಸಿದೆ,
ಹಳೇ ತಾಮ್ರದ ವಾಶರ್ ಕಿತ್ತು ಹೊಸಾದು ಹಾಕಿದೆ,
ಬೊಟ್ಟು ಇಡಾಕ ಹಸಿರು ಡಬ್ಬಿಗೆ ಬ್ರಶ್ ಅದ್ದಿದೆ.
ನೀಲಾಂಬಿಕಾ ನನ್ನ ಮಣಿಕಟ್ಟು ಹಿಡದಳು.
"ತಡಿ ಅಪ್ಪಾ,
ಇನ್ನೊಮ್ಮೆ ಓದತೀನಿ."